ಕೆಂಪು ಬಂಡೆಯ ಯುದ್ಧ: ‘ರೆಡ್ ಕ್ಲಿಫ್’ ಸಿನಿಮಾದಲ್ಲಿ ನಿಜ ಎಷ್ಟು, ಕತೆ ಎಷ್ಟು?

ಪ್ರಶ್ನೆ: ಇತ್ತೀಚೆಗೆ ಅಪ್ಪನ ಜೊತೆ ಕೂತು ‘ರೆಡ್ ಕ್ಲಿಫ್’ ಸಿನಿಮಾ ನೋಡಿದೆ. ಎರಡೂವರೆ ಗಂಟೆಯದು. ಯುದ್ಧದ ದೃಶ್ಯಗಳು ತುಂಬಾ ಹಿಡಿಸಿದವು. ಆದರೆ ಯಾರು ಯಾರ ಕಡೆ ಅಂತ ತಿಳಿಯುವಷ್ಟರಲ್ಲಿ ಅರ್ಧ ಸಿನಿಮಾ ಮುಗಿದಿತ್ತು. ಇದು ನಿಜವಾಗಿ ನಡೆದ ಯುದ್ಧವೇ? 8 ಲಕ್ಷದ ಸೈನ್ಯ, ತಕ್ಕ ಹೊತ್ತಿಗೆ ತಿರುಗಿದ ಗಾಳಿ, ಶತ್ರುವಿನ ಬಿಡಾರಕ್ಕೆ ಒಬ್ಬಳೇ ಹೋಗಿ ಚಹಾ ಮಾಡಿಕೊಡುತ್ತಾ ಹೊತ್ತು ಕಳೆದ ಹೆಣ್ಣುಮಗಳು, ಇವುಗಳಲ್ಲಿ ಯಾವುದು ನಿಜ? ಅಪ್ಪ ಇನ್ನೊಂದು ಪ್ರಶ್ನೆ ಕೇಳಿದರು: "ರಾಜರ ಹೆಸರು ಹೇಗೂ ಉಳಿಯುತ್ತೆ. ಆ ಬೆಂಕಿಯ ಹಡಗುಗಳನ್ನು ನಡೆಸಿಕೊಂಡು ಹೋದವರು ಯಾರು? ಅವರ ಹೆಸರು ಎಲ್ಲಾದರೂ ಇದೆಯಾ?"

ಉತ್ತರ: ನಿಮ್ಮ ಅಪ್ಪ ಕೇಳಿದ್ದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಇದೆ. ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅಲ್ಲಿಗೆ ಹೋಗುವ ಮೊದಲು ದಾರಿ ಸ್ವಲ್ಪ ಗೊತ್ತಿರಬೇಕು.

ಮೊದಲು ನಿಮ್ಮ ಗೊಂದಲದ ಬಗ್ಗೆ. ಅದು ನಿಮ್ಮ ತಪ್ಪಲ್ಲ. ನಿರ್ದೇಶಕ ಜಾನ್ ವೂ ಈ ಸಿನಿಮಾವನ್ನು ಎರಡು ಭಾಗಗಳಾಗಿ ಮಾಡಿದರು. ಮೊದಲ ಭಾಗ ಜುಲೈ 2008ರಲ್ಲಿ, ಎರಡನೆಯದು ಜನವರಿ 2009ರಲ್ಲಿ ಚೀನಾದಲ್ಲಿ ಬಿಡುಗಡೆಯಾಯಿತು. ಎರಡೂ ಸೇರಿದರೆ ಸುಮಾರು ನಾಲ್ಕು ಮುಕ್ಕಾಲು ಗಂಟೆ. ಏಷ್ಯಾದ ಹೊರಗಿನ ಪ್ರೇಕ್ಷಕರಿಗೆ ಇದನ್ನೇ ಕತ್ತರಿಸಿ ಎರಡೂವರೆ ಗಂಟೆಯ ಒಂದೇ ಸಿನಿಮಾ ಮಾಡಿದರು. ನೀವು ನೋಡಿದ್ದು ಅದು. ಚೀನಾದ ಪ್ರೇಕ್ಷಕರಿಗೆ ಈ ಪಾತ್ರಗಳೆಲ್ಲ ಚಿಕ್ಕಂದಿನಿಂದ ಗೊತ್ತು, ನಮಗೆ ಭೀಮ, ಕರ್ಣ ಗೊತ್ತಿರುವ ಹಾಗೆ. ಪರಿಚಯ ಬೇಕಾದದ್ದು ಹೊರಗಿನವರಿಗೆ. ಆದರೆ ಕತ್ತರಿ ಬಿದ್ದದ್ದು ಹೊರಗಿನವರ ಪ್ರತಿಗೇ. ನಾನು ಮೊದಲು ನೋಡಿದ್ದೂ ಆ ಚಿಕ್ಕ ಪ್ರತಿಯನ್ನೇ. ಹಲವು ವರ್ಷ ಇದನ್ನು ಸಾಧಾರಣ ಸಿನಿಮಾ ಅಂದುಕೊಂಡಿದ್ದೆ. ಪೂರ್ತಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಎರಡು ಸಂಜೆ ಬಿಡುವು ಮಾಡಿಕೊಂಡು ಎರಡು ಭಾಗಗಳನ್ನೂ ನೋಡಿ.

ಯುದ್ಧ ನಿಜವಾಗಿ ನಡೆದದ್ದೇ, ಕ್ರಿ.ಶ. 208ರ ಚಳಿಗಾಲದಲ್ಲಿ, ಚೀನಾದ ಯಾಂಗ್‌ಟ್ಸಿ ನದಿಯ ಮೇಲೆ. ಈಗ ಯಾರು ಯಾರ ಕಡೆ ಅಂತ ನೋಡೋಣ. ನಾಲ್ಕು ನೂರು ವರ್ಷ ಆಳಿದ ಹಾನ್ ವಂಶ ಆಗ ಹೆಸರಿಗೆ ಮಾತ್ರ ಉಳಿದಿತ್ತು. 184ರಲ್ಲಿ ದೊಡ್ಡ ರೈತ ದಂಗೆ ಎದ್ದಿತ್ತು. ಅದನ್ನು ಅಡಗಿಸಲು ಹೋದ ಸೇನಾಪತಿಗಳು ತಾವೇ ಪಾಳೆಯಗಾರರಾದರು. ಅವರಲ್ಲಿ ಎಲ್ಲರಿಗಿಂತ ಚುರುಕಾದವನು ತ್ಸಾವ್ ತ್ಸಾವ್. 196ರಲ್ಲಿ ಅವನು ಎಳೆಯ ಚಕ್ರವರ್ತಿಯನ್ನೇ ತನ್ನ ಊರಿಗೆ ಕರೆತಂದು ಇಟ್ಟುಕೊಂಡ. ಅಲ್ಲಿಂದ ಮುಂದೆ ಅವನ ಪ್ರತಿ ಆಜ್ಞೆಯೂ ಚಕ್ರವರ್ತಿಯ ಹೆಸರಿನಲ್ಲೇ ಹೊರಡುತ್ತಿತ್ತು. 200ರಲ್ಲಿ ಗ್ವಾನ್‌ದೂ ಎಂಬಲ್ಲಿ ತನಗಿಂತ ದೊಡ್ಡ ಸೈನ್ಯವನ್ನು ಸೋಲಿಸಿದ. 207ರ ಹೊತ್ತಿಗೆ ಉತ್ತರದ ಬಹುಪಾಲು ಅವನ ಕೈಯಲ್ಲಿತ್ತು. ಉಳಿದದ್ದು ದಕ್ಷಿಣ.

ದಕ್ಷಿಣದಲ್ಲಿ ಇಬ್ಬರಿದ್ದರು. ಒಬ್ಬ ಲಿಯೂ ಬೇ. ಊರಿಲ್ಲ, ಕೋಟೆಯಿಲ್ಲ, ಒಳ್ಳೆಯವನೆಂಬ ಹೆಸರು ಮಾತ್ರ ಇತ್ತು. ಅವನ ಜೊತೆ ಗ್ವಾನ್ ಯೂ, ಜಾಂಗ್ ಫೇ, ಜಾವ್ ಯುನ್ ಎಂಬ ವೀರರು. ಹೊಸದಾಗಿ ಸೇರಿದ ಸಲಹೆಗಾರ ಜೂಗ ಲಿಯಾಂಗ್, ಸಿನಿಮಾದಲ್ಲಿ ಬೀಸಣಿಗೆ ಹಿಡಿದವನು. ಇನ್ನೊಬ್ಬ ಸುನ್ ಚ್ವೆನ್. ಯಾಂಗ್‌ಟ್ಸಿ ನದಿಯ ಕೆಳಭಾಗದ ವೂ ನಾಡಿನ ಒಡೆಯ. ಅವನ ಸೇನಾಪತಿ ಜೌ ಯೂ. ಇವರ ವಯಸ್ಸು ಸ್ವಲ್ಪ ನೋಡಿ. 208ರಲ್ಲಿ ಸುನ್ ಚ್ವೆನ್‌ಗೆ 26, ಜೂಗ ಲಿಯಾಂಗ್‌ಗೆ 27, ಜೌ ಯೂಗೆ 33. ಎದುರಿಗೆ ನಿಂತ ತ್ಸಾವ್ ತ್ಸಾವ್‌ಗೆ 53. ಒಂದು ಕಡೆ ಹುಡುಗರು, ಇನ್ನೊಂದು ಕಡೆ ಯುದ್ಧದಲ್ಲೇ ಕೂದಲು ನರೆತವನು.

ಈಗ ನಿಜ ಮತ್ತು ಕತೆಯ ಮಾತು. ಇಲ್ಲಿ ಎರಡು ಪುಸ್ತಕಗಳ ಹೆಸರು ಹೇಳಲೇಬೇಕು. ಒಂದು, ಚೆನ್ ಶೋ ಎಂಬ ಇತಿಹಾಸಕಾರ 3ನೇ ಶತಮಾನದ ಕೊನೆಗೆ ಬರೆದ ‘ಮೂರು ರಾಜ್ಯಗಳ ದಾಖಲೆ’. ಅದರ ಮಾತು ಬಹಳ ಬಿಗಿ. 429ರಲ್ಲಿ ಪೇ ಸೊಂಗ್‌ಜ ಎಂಬ ಪಂಡಿತ ಬೇರೆ ಬೇರೆ ಹಳೆಯ ಬರಹಗಳಿಂದ ತುಂಡುಗಳನ್ನು ಆರಿಸಿ ಅದಕ್ಕೆ ಟಿಪ್ಪಣಿ ಸೇರಿಸಿದ. ಆ ಮೂಲ ಬರಹಗಳು ಬಹುಪಾಲು ಕಳೆದುಹೋಗಿವೆ, ಅವನ ಟಿಪ್ಪಣಿಯಲ್ಲಿ ಮಾತ್ರ ಉಳಿದಿವೆ. ಎರಡನೆಯದು, ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 14ನೇ ಶತಮಾನದಲ್ಲಿ ಲುವೋ ಗ್ವಾನ್‌ಜೊಂಗ್ ಬರೆದ ದೊಡ್ಡ ಕಾದಂಬರಿ ‘ಮೂರು ರಾಜ್ಯಗಳ ಕಥೆ’. ಚೀನಾದ ಜನರ ಮನಸ್ಸಿನಲ್ಲಿ ಕೂತಿರುವುದು ಆ ಕಾದಂಬರಿ. ಅದರಲ್ಲಿ ಏಳು ಪಾಲು ನಿಜ, ಮೂರು ಪಾಲು ಕಲ್ಪನೆ ಎಂದು 18ನೇ ಶತಮಾನದ ಒಬ್ಬ ಚೀನೀ ವಿದ್ವಾಂಸ ಹೇಳಿದ್ದ. ಆದರೆ ಈ ಯುದ್ಧದ ಅಧ್ಯಾಯಗಳಲ್ಲಿ ಲೆಕ್ಕ ಹೆಚ್ಚುಕಡಿಮೆ ತಿರುವುಮುರುವು ಅಂತ ನನಗೆ ಅನಿಸುತ್ತದೆ. ಜಾನ್ ವೂ ಈ ಎರಡರ ನಡುವೆ ನಡೆದರು. ಕೆಲವು ಕಡೆ ಕಾದಂಬರಿಯನ್ನು ಬಿಟ್ಟು ದಾಖಲೆಯ ಕಡೆಗೆ ವಾಲಿದರು. ಕೆಲವು ಕಡೆ ಎರಡನ್ನೂ ಬಿಟ್ಟು ತಮ್ಮದೇ ಕತೆ ಕಟ್ಟಿದರು.

ಸಿನಿಮಾದ ಆರಂಭ ನೋಡಿ. ಜನ ಗಂಟುಮೂಟೆ ಹೊತ್ತು ಓಡುತ್ತಿದ್ದಾರೆ. ಲಿಯೂ ಬೇ ಅವರನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಇದು ದಾಖಲೆಯಲ್ಲೇ ಇದೆ. ಅವನ ಹಿಂದೆ ಒಂದು ಲಕ್ಷಕ್ಕೂ ಹೆಚ್ಚು ಜನ, ಸಾವಿರಾರು ಗಾಡಿಗಳು. ದಿನಕ್ಕೆ ನಾಲ್ಕೈದು ಕಿಲೋಮೀಟರು ಸಾಗುವುದೂ ಕಷ್ಟ. ತ್ಸಾವ್ ತ್ಸಾವ್ 5,000 ಆಯ್ದ ಕುದುರೆ ಸವಾರರನ್ನು ಬೆನ್ನಟ್ಟಲು ಬಿಟ್ಟ. ಅವರು ಒಂದು ಹಗಲು ಒಂದು ರಾತ್ರಿಯಲ್ಲಿ 300 ಲೀ, ಅಂದರೆ ಸುಮಾರು 120 ಕಿಲೋಮೀಟರು ಓಡಿ ಚಾಂಗ್‌ಬಾನ್ ಎಂಬಲ್ಲಿ ಹಿಡಿದರು. ಲಿಯೂ ಬೇ ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದ. ಜಾವ್ ಯುನ್ ಆ ಮಗುವನ್ನು ಎತ್ತಿಕೊಂಡು ಪಾರುಮಾಡಿದ್ದೂ ನಿಜ. ಆದರೆ ಮಗುವಿನ ಮಲತಾಯಿ ಬಾವಿಗೆ ಹಾರಿದ್ದು ಕಾದಂಬರಿಯ ಕತೆ. ದಾಖಲೆಯ ಪ್ರಕಾರ ಜಾವ್ ಯುನ್ ಮಗುವನ್ನೂ ಉಳಿಸಿದ, ಮಗುವಿನ ಹೆತ್ತ ತಾಯಿಯನ್ನೂ ಉಳಿಸಿದ. ಆ ಮಗು ಮುಂದೆ 40 ವರ್ಷ ರಾಜ್ಯ ಆಳಿ 263ರಲ್ಲಿ ಶತ್ರುವಿಗೆ ಶರಣಾಯಿತು. ಇದು ಗೊತ್ತಿದ್ದರೆ ಆ ದೃಶ್ಯ ನೋಡುವಾಗ ಹೊಟ್ಟೆಯಲ್ಲಿ ಒಂದು ಥರ ಸಂಕಟ ಆಗುತ್ತದೆ.

ಮುಂದೆ ಸುನ್ ಚ್ವೆನ್‌ನ ಸಭೆ. ತ್ಸಾವ್ ತ್ಸಾವ್ ಕಳಿಸಿದ ಕಾಗದ ಬಂದಿದೆ. ‘ನನ್ನ ಬಳಿ ನೀರಿನ ಮೇಲೆ ಹೋರಾಡುವ 8 ಲಕ್ಷ ಜನ ಇದ್ದಾರೆ. ನಿಮ್ಮ ಜೊತೆ ವೂ ನಾಡಿನಲ್ಲಿ ಬೇಟೆಯಾಡಬೇಕು ಅಂತಿದ್ದೇನೆ’ ಎಂಬ ಅರ್ಥದ ಮಾತು. ಎಷ್ಟು ನಯವಾದ ಬೆದರಿಕೆ, ಅಲ್ವಾ? ಸಭೆಯಲ್ಲಿದ್ದವರ ಮುಖ ಬಿಳಿಚಿಕೊಂಡಿತು. ಬಹುತೇಕ ಎಲ್ಲರೂ ಶರಣಾಗೋಣ ಅಂದರು. ಆಗ ನಡೆದ ಒಂದು ಸಣ್ಣ ಮಾತುಕತೆ ನನಗೆ ಈ ಇಡೀ ಪ್ರಸಂಗದಲ್ಲಿ ತುಂಬಾ ಇಷ್ಟ. ಸುನ್ ಚ್ವೆನ್ ಬಟ್ಟೆ ಬದಲಿಸಲು ಎದ್ದು ಹೊರಗೆ ಬಂದ. ಲೂ ಸೂ ಎಂಬ ಅಧಿಕಾರಿ ಅವನ ಹಿಂದೆಯೇ ಸೂರಿನ ಕೆಳಗೆ ಬಂದು ನಿಂತ. ಅವನು ಹೇಳಿದ್ದರ ಸಾರ ಇಷ್ಟು. ನಾನು ಶರಣಾದರೆ ಏನೂ ನಷ್ಟವಿಲ್ಲ. ತ್ಸಾವ್ ತ್ಸಾವ್ ನನ್ನನ್ನು ನನ್ನ ಊರಿಗೆ ಕಳಿಸಿ ಒಂದು ಹುದ್ದೆ ಕೊಡುತ್ತಾನೆ. ನಾನು ಎತ್ತಿನ ಗಾಡಿಯಲ್ಲಿ ಓಡಾಡಿಕೊಂಡು, ನಿಧಾನಕ್ಕೆ ಬಡ್ತಿ ಪಡೆದು ಬದುಕುತ್ತೇನೆ. ಆದರೆ ನೀವು ಶರಣಾದರೆ ಎಲ್ಲಿಗೆ ಹೋಗುತ್ತೀರಿ? ಶರಣಾಗಿ ಎನ್ನುತ್ತಿದ್ದವರಿಗೆಲ್ಲ ಕಳೆದುಕೊಳ್ಳಲು ಏನೂ ಇರಲಿಲ್ಲ ಎಂಬುದನ್ನು ಅವನು ಅಷ್ಟು ಮಾತಿನಲ್ಲಿ ತೋರಿಸಿಕೊಟ್ಟ. ಸುನ್ ಚ್ವೆನ್ ಕತ್ತಿ ಎಳೆದು ಮೇಜಿನ ಮೂಲೆ ಕಡಿದು, ಇನ್ನು ಶರಣಾಗತಿಯ ಮಾತೆತ್ತಿದವರಿಗೂ ಇದೇ ಗತಿ ಅಂದದ್ದು ಪೇ ಸೊಂಗ್‌ಜನ ಟಿಪ್ಪಣಿಯಲ್ಲಿದೆ. ಸಿನಿಮಾದಲ್ಲೂ ಇದೆ.

8 ಲಕ್ಷದ ಲೆಕ್ಕ ನಿಜವಲ್ಲ. ಆ ಕಾಲದಲ್ಲೇ ಅದನ್ನು ಒಬ್ಬ ಒಡೆದು ತೋರಿಸಿದ್ದ. ಜೌ ಯೂ ರಾತ್ರಿ ಸುನ್ ಚ್ವೆನ್‌ನ ಬಳಿ ಹೋಗಿ ಹೀಗೆ ಲೆಕ್ಕ ಹಾಕಿದ: ಉತ್ತರದಿಂದ ಬಂದವರು ಒಂದೂವರೆ ಲಕ್ಷದ ಸುಮಾರು, ಅವರೂ ದಣಿದಿದ್ದಾರೆ. ಈಚೆಗೆ ಶರಣಾದ ಜಿಂಗ್ ಪ್ರಾಂತ್ಯದ ಸೈನಿಕರು ಹೆಚ್ಚೆಂದರೆ 70–80 ಸಾವಿರ, ಅವರ ಮನಸ್ಸು ಇನ್ನೂ ಅಲ್ಲಾಡುತ್ತಿದೆ. ಅಂದರೆ ಒಟ್ಟು ಎರಡೂಕಾಲು ಲಕ್ಷದ ಹತ್ತಿರ. ನನಗೆ 50,000 ಜನ ಕೊಡಿ ಅಂದ. ಅಷ್ಟು ಬೇಗ ಒಟ್ಟು ಮಾಡಲು ಆಗಲ್ಲ, 30,000 ಸಿದ್ಧ ಇದ್ದಾರೆ ಅಂತ ಸುನ್ ಚ್ವೆನ್ ಉತ್ತರ ಕೊಟ್ಟ. ಲಿಯೂ ಬೇ ಕಡೆಯಿಂದ ಸುಮಾರು 20,000. ಐವತ್ತು ಸಾವಿರಕ್ಕೆ ಎರಡು ಲಕ್ಷ ಎದುರು. ಇದೇನೂ ಸಣ್ಣ ವ್ಯತ್ಯಾಸವಲ್ಲ. ಆದರೆ ಪವಾಡವೇ ಬೇಕು ಅನ್ನುವಷ್ಟೂ ಅಲ್ಲ.

ಜೌ ಯೂ ಎಣಿಸಿದ ಕಾರಣಗಳು ಇನ್ನೂ ಮುಖ್ಯ. ಉತ್ತರದವರಿಗೆ ಕುದುರೆ ಗೊತ್ತು, ದೋಣಿ ಗೊತ್ತಿಲ್ಲ. ಚಳಿಗಾಲ, ಕುದುರೆಗೆ ಮೇವಿಲ್ಲ. ಅವರ ಬೆನ್ನ ಹಿಂದೆ ಪಶ್ಚಿಮದಲ್ಲಿ ಬೇರೆ ಶತ್ರುಗಳಿದ್ದಾರೆ. ದೂರದ ಜನ ಈ ನೀರು, ಈ ಕೆರೆಕುಂಟೆಗಳ ನಾಡಿಗೆ ಬಂದಿದ್ದಾರೆ, ಕಾಯಿಲೆ ಬಂದೇ ಬರುತ್ತದೆ.

ಕಾಯಿಲೆ ಬಂತು. ನಿಜವಾದ ಕೆಂಪು ಬಂಡೆಯ ಯುದ್ಧವನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಎಳೆ ಇದು. ಎರಡು ಸೈನ್ಯ ಮೊದಲ ಸಲ ಎದುರಾದಾಗಲೇ ತ್ಸಾವ್ ತ್ಸಾವ್‌ನ ಜನ ರೋಗದಿಂದ ಬಳಲುತ್ತಿದ್ದರು ಎಂದು ದಾಖಲೆ ಹೇಳುತ್ತದೆ. ಮೊದಲ ಕಾಳಗದಲ್ಲಿ ಸೋತು ಅವರು ನದಿಯ ಉತ್ತರ ದಡದ ವೂಲಿನ್‌ಗೆ ಹಿಂದೆ ಸರಿದರು. ಬೆಂಕಿ ಬಿದ್ದದ್ದೂ ಆ ದಡದಲ್ಲೇ. ಅದು ಯಾವ ಕಾಯಿಲೆ ಎಂಬುದರ ಬಗ್ಗೆ ವೈದ್ಯರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಆ ನೀರಿನ ಬಸವನಹುಳುಗಳಿಂದ ಹರಡುವ ಕಾಯಿಲೆ ಇರಬಹುದು ಎಂಬುದು ಒಂದು ವಾದ. ಆ ಕಾಲದ ಊರುಗಳ ಸ್ಥಿತಿ ತಿಳಿಯಲು ಬೇರೊಂದು ಸಾಕ್ಷಿ ಇದೆ. ಚೀನೀ ವೈದ್ಯದ ಪಿತಾಮಹರಲ್ಲಿ ಒಬ್ಬನಾದ ಜಾಂಗ್ ಜೊಂಗ್‌ಜಿಂಗ್ ಇದೇ ವರ್ಷಗಳಲ್ಲಿ, ಇಲ್ಲಿಗೆ ಉತ್ತರದ ನಾನ್‌ಯಾಂಗ್ ಪ್ರದೇಶದಲ್ಲಿ ಬದುಕಿದ್ದವನು. ನಮ್ಮ ಮನೆತನದಲ್ಲಿ 200ಕ್ಕೂ ಹೆಚ್ಚು ಜನ ಇದ್ದೆವು, ಹತ್ತು ವರ್ಷದೊಳಗೆ ಮೂರರಲ್ಲಿ ಎರಡು ಪಾಲು ಸತ್ತರು, ಬಹುಪಾಲು ಜ್ವರಕ್ಕೆ ಬಲಿಯಾದರು ಎಂದು ಅವನ ಗ್ರಂಥದ ಮುನ್ನುಡಿಯಲ್ಲಿದೆ. ಒಂದೇ ಮನೆತನದ ಲೆಕ್ಕ ಅದು.

ಸಿನಿಮಾದಲ್ಲಿ ತ್ಸಾವ್ ತ್ಸಾವ್ ರೋಗದಿಂದ ಸತ್ತ ತನ್ನ ಸೈನಿಕರ ಹೆಣಗಳನ್ನು ತೆಪ್ಪಗಳಲ್ಲಿ ಎದುರು ದಡಕ್ಕೆ ತೇಲಿಬಿಡುತ್ತಾನೆ. ಅದಕ್ಕೆ ಆಧಾರವಿಲ್ಲ. ಆ ದೃಶ್ಯ ಮೈ ನಡುಗಿಸುತ್ತದೆ, ಒಪ್ಪುತ್ತೇನೆ. ಆದರೆ ಅದರಿಂದ ಒಂದು ನಷ್ಟವೂ ಆಗಿದೆ. ರೋಗ ಅಲ್ಲಿ ಖಳನಾಯಕನ ಒಂದು ಅಸ್ತ್ರವಾಗಿಬಿಡುತ್ತದೆ. ಉತ್ತರದ ಸಾಮಾನ್ಯ ಸೈನಿಕ ತನ್ನ ಊರಿನಿಂದ ಅಷ್ಟು ದೂರ ಬಂದು, ಯುದ್ಧ ಶುರುವಾಗುವ ಮೊದಲೇ ಸೋತುಹೋಗಿದ್ದ ಎಂಬ ಸತ್ಯ ಹಿಂದೆ ಸರಿಯುತ್ತದೆ. ಯುದ್ಧದ ನಂತರ ತ್ಸಾವ್ ತ್ಸಾವ್ ಸುನ್ ಚ್ವೆನ್‌ಗೆ ಬರೆದ ಎನ್ನಲಾದ ಒಂದು ಕಾಗದ ಉಳಿದಿದೆ. ನಮಗೆ ಕಾಯಿಲೆ ಬಂತು, ನಾನೇ ಹಡಗುಗಳನ್ನು ಸುಟ್ಟು ಹಿಂದಕ್ಕೆ ಬಂದೆ, ಜೌ ಯೂಗೆ ಸುಮ್ನೆ ಹೆಸರು ಬಂತು ಅಂತ ಅದರಲ್ಲಿ ಹೇಳುತ್ತಾನೆ. ಸೋತವನ ಸಮಜಾಯಿಷಿ ನಿಜ. ಪೂರ್ತಿ ಸುಳ್ಳೂ ಅಲ್ಲ.

ತ್ಸಾವ್ ತ್ಸಾವ್‌ನ ಬಗ್ಗೆ ಇನ್ನೂ ಎರಡು ಮಾತು. ಚೀನೀ ರಂಗಭೂಮಿಯಲ್ಲಿ ಅವನಿಗೆ ಬಿಳಿ ಮುಖ ಬಳಿಯುತ್ತಾರೆ. ಬಿಳಿ ಅಂದರೆ ಮೋಸ. ಗ್ವಾನ್ ಯೂಗೆ ಕೆಂಪು, ಅಂದರೆ ನಿಷ್ಠೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದ ತಕ್ಷಣ ಇವನು ರಾಕ್ಷಸ ಅಂತ ಮಕ್ಕಳಿಗೂ ತಿಳಿಯುವ ಹಾಗೆ. ಆದರೆ ಅದೇ ಮನುಷ್ಯ ದೊಡ್ಡ ಕವಿ. ‘ಹೆಂಡದ ಮುಂದೆ ಹಾಡಬೇಕು, ಮನುಷ್ಯನ ಬಾಳು ಎಷ್ಟು? ಬೆಳಗಿನ ಇಬ್ಬನಿಯ ಹಾಗೆ’ ಎಂಬ ಅರ್ಥದ ಅವನ ಸಾಲುಗಳನ್ನು ಚೀನಾದಲ್ಲಿ ಇಂದಿಗೂ ಓದುತ್ತಾರೆ. ಜಾಂಗ್ ಫೆಂಗ್‌ಯಿ ಈ ಪಾತ್ರಕ್ಕೆ ಮನುಷ್ಯನ ಮುಖ ಕೊಟ್ಟಿದ್ದಾರೆ. ಕಾಯಿಲೆ ಬಿದ್ದ ಸೈನಿಕರ ನಡುವೆ ಅವನು ಕೂತು ಮಾತಾಡುವುದನ್ನು ನೋಡಿದರೆ, ಇಂಥವನ ಹಿಂದೆ ಜನ ಯಾಕೆ ಹೋದರು ಅಂತ ತಿಳಿಯುತ್ತದೆ.

ಆದರೆ ಅವನು ಇಷ್ಟು ದೂರ ಬಂದದ್ದು ಜೌ ಯೂನ ಹೆಂಡತಿ ಶಿಯಾವ್ ಚಿಯಾವ್‌ಗಾಗಿ ಎಂಬುದು ನನಗೆ ಒಪ್ಪಿಗೆಯಿಲ್ಲ. ಸಿನಿಮಾದ ದುರ್ಬಲ ಭಾಗ ಅದು. ಆ ಹೆಣ್ಣುಮಗಳ ಬಗ್ಗೆ ದಾಖಲೆಯಲ್ಲಿರುವುದು ಒಂದೇ ವಿಷಯ: ಇಬ್ಬರು ಚೆಲುವೆ ಅಕ್ಕತಂಗಿಯರಲ್ಲಿ ಅಕ್ಕನನ್ನು ಸುನ್ ಚ್ವೆನ್‌ನ ಅಣ್ಣ ಮದುವೆಯಾದ, ತಂಗಿಯನ್ನು ಜೌ ಯೂ ಮದುವೆಯಾದ. ಅಷ್ಟೇ. 9ನೇ ಶತಮಾನದ ಕವಿ ದೂ ಮೂ ಒಂದು ನಾಲ್ಕು ಸಾಲಿನ ಪದ್ಯದಲ್ಲಿ, ಪೂರ್ವದ ಗಾಳಿ ಜೌ ಯೂಗೆ ನೆರವಾಗದಿದ್ದರೆ ಆ ಅಕ್ಕತಂಗಿಯರು ತ್ಸಾವ್ ತ್ಸಾವ್‌ನ ಕಂಚಿನ ಗುಬ್ಬಿಯ ಮಹಲಿನಲ್ಲಿ ಸೆರೆಯಾಗಿರುತ್ತಿದ್ದರು ಅಂದ. ಕವಿಯ ಕಲ್ಪನೆ ಅದು. ಕಾದಂಬರಿ ಅದನ್ನು ಹಿಡಿದು ಬೆಳೆಸಿತು, ಸಿನಿಮಾ ಇನ್ನೂ ಬೆಳೆಸಿತು. ಆದರೆ ಆ ಮಹಲು ಕಟ್ಟಿದ್ದೇ 210ರಲ್ಲಿ, ಯುದ್ಧ ಮುಗಿದು ಎರಡು ವರ್ಷಕ್ಕೆ. ಹಾಗಾಗಿ ಶಿಯಾವ್ ಚಿಯಾವ್ ಶತ್ರುವಿನ ಬಿಡಾರಕ್ಕೆ ಹೋಗುವ, ನೀವು ಕೇಳಿದ ಚಹಾದ ದೃಶ್ಯ ಪೂರ್ತಿ ಕಟ್ಟುಕತೆ. ಸುನ್ ಚ್ವೆನ್‌ನ ತಂಗಿ ಶತ್ರುವಿನ ಬಿಡಾರದಲ್ಲಿ ಗಂಡುವೇಷ ಹಾಕಿ ಬೇಹು ನಡೆಸಿದ್ದೂ ಅಷ್ಟೇ. ಅಂಥ ತಂಗಿ ಇದ್ದದ್ದು ನಿಜ, ಗಟ್ಟಿಗಿತ್ತಿ. ಅವಳ ಕೋಣೆಯಲ್ಲಿ ನೂರಕ್ಕೂ ಹೆಚ್ಚು ದಾಸಿಯರು ಕತ್ತಿ ಹಿಡಿದು ನಿಂತಿರುತ್ತಿದ್ದರು, ಮದುವೆಯಾದ ಮೇಲೆ ಲಿಯೂ ಬೇ ಒಳಗೆ ಹೋಗುವಾಗಲೆಲ್ಲ ಹೆದರುತ್ತಿದ್ದ ಎಂದು ದಾಖಲೆಯಿದೆ. ಅವಳ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಶಾಂಗ್‌ಶಿಯಾಂಗ್ ಎಂಬುದು ನಾಟಕದವರು ಆಮೇಲೆ ಕೊಟ್ಟ ಹೆಸರು.

ಹುಲ್ಲು ತುಂಬಿದ ದೋಣಿ ಕಳಿಸಿ ಶತ್ರುವಿನಿಂದಲೇ ಬಾಣ ಪಡೆಯುವ ದೃಶ್ಯ ನಿಮಗೂ ಇಷ್ಟವಾಗಿರಬೇಕು. ಅದೂ ಈ ಯುದ್ಧದ್ದಲ್ಲ. ಇದಾದ ಕೆಲವು ವರ್ಷಗಳ ನಂತರ ಸುನ್ ಚ್ವೆನ್ ದೊಡ್ಡ ಹಡಗಿನಲ್ಲಿ ಶತ್ರುವಿನ ಬಿಡಾರ ನೋಡಲು ಹೋಗಿದ್ದ. ಒಂದು ಪಕ್ಕಕ್ಕೆ ಬಾಣ ಚುಚ್ಚಿ ಚುಚ್ಚಿ ಹಡಗು ವಾಲಿತು. ಅವನು ಹಡಗನ್ನು ತಿರುಗಿಸಿ ಇನ್ನೊಂದು ಪಕ್ಕಕ್ಕೂ ಬಾಣ ಬೀಳಿಸಿಕೊಂಡು ಸಮ ಮಾಡಿಕೊಂಡ. ಈ ಪ್ರಸಂಗವೇ ಬೆಳೆದು, ಕೈ ಬದಲಾಗಿ, ಕೊನೆಗೆ ಜೂಗ ಲಿಯಾಂಗ್‌ನ ಜಾಣತನದ ಕತೆಯಾಯಿತು. ಮೊದಲ ಭಾಗದ ಆಮೆಯ ಆಕಾರದ ವ್ಯೂಹವೂ ಇತಿಹಾಸದ್ದಲ್ಲ. ಅಂಥ ಭೂಯುದ್ಧ ಆಗ ನಡೆಯಲೇ ಇಲ್ಲ. ಗ್ವಾನ್ ಯೂ ಕೈಯಲ್ಲಿರುವ ಅಗಲ ಅಲಗಿನ ಉದ್ದ ಕತ್ತಿ ಕೂಡ ಎಷ್ಟೋ ನೂರು ವರ್ಷ ಈಚಿನದು. ಅವನು ಶತ್ರು ಸೇನಾಪತಿಯೊಬ್ಬನನ್ನು ‘ಚುಚ್ಚಿ’ ಕೊಂದ ಅಂತ ದಾಖಲೆಯಲ್ಲಿದೆ, ಅಂದರೆ ಕೈಯಲ್ಲಿದ್ದದ್ದು ಈಟಿಯಂಥದ್ದು. ಇನ್ನು ತೆರೆಯ ಮೇಲೆ ಢಮ್ ಎಂದು ಸಿಡಿಯುವ ಸ್ಫೋಟಗಳು. ಸಿಡಿಮದ್ದು ಚೀನಾದಲ್ಲಿ ಕಂಡುಬಂದದ್ದು 9ನೇ ಶತಮಾನದ ಹೊತ್ತಿಗೆ. 208ರಲ್ಲಿ ಇದ್ದದ್ದು ಕಟ್ಟಿಗೆ, ಒಣ ಜೊಂಡು, ಕೊಬ್ಬು, ಎಣ್ಣೆ, ಗಾಳಿ. ಇಷ್ಟೇ.

ಇಷ್ಟೆಲ್ಲ ತಪ್ಪು ಎಣಿಸಿದ ಮೇಲೂ ಈ ಸಿನಿಮಾವನ್ನು ನಾನು ಯಾಕೆ ಮೆಚ್ಚುತ್ತೇನೆ ಎಂದು ಹೇಳಬೇಕು. ಒಂದೇ ಕಾರಣ: ಜೌ ಯೂ.

ಕಾದಂಬರಿ ಅವನಿಗೆ ಬಹಳ ಅನ್ಯಾಯ ಮಾಡಿದೆ. ಅಲ್ಲಿ ಅವನು ಹೊಟ್ಟೆಕಿಚ್ಚಿನ ಮನುಷ್ಯ. ಜೂಗ ಲಿಯಾಂಗ್‌ನ ಬುದ್ಧಿಯನ್ನು ಸಹಿಸಲಾರದೆ, ನನ್ನನ್ನು ಹುಟ್ಟಿಸಿದ ಮೇಲೆ ಅವನನ್ನೇಕೆ ಹುಟ್ಟಿಸಿದೆ ಎಂದು ಆಕಾಶಕ್ಕೆ ಕೂಗಿ ಸಾಯುತ್ತಾನೆ. ಇತಿಹಾಸದ ಜೌ ಯೂ ಅದರ ತದ್ವಿರುದ್ಧ. ಧಾರಾಳಿ. ಸಂಗೀತದಲ್ಲಿ ಎಷ್ಟು ಕಿವಿಯುಳ್ಳವನೆಂದರೆ, ಮೂರು ಬಟ್ಟಲು ಕುಡಿದಿದ್ದರೂ ನುಡಿಸುವವರ ತಪ್ಪು ತಿಳಿದು ತಿರುಗಿ ನೋಡುತ್ತಿದ್ದ. ‘ರಾಗ ತಪ್ಪಿದರೆ ಜೌ ತಿರುಗಿ ನೋಡುತ್ತಾನೆ’ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಚೆಂಗ್ ಪೂ ಎಂಬ ಹಿರಿಯ ಸೇನಾಪತಿ, ತನಗಿಂತ ಚಿಕ್ಕವನೆಂದು ಜೌ ಯೂನನ್ನು ಮತ್ತೆ ಮತ್ತೆ ಅವಮಾನ ಮಾಡುತ್ತಿದ್ದ. ಜೌ ಯೂ ಒಮ್ಮೆಯೂ ತಿರುಗಿ ಬೀಳಲಿಲ್ಲ. ಕೊನೆಗೆ ಆ ಮುದುಕನೇ, ಜೌ ಯೂ ಜೊತೆ ಇರುವುದು ಒಳ್ಳೆಯ ಮದ್ಯ ಕುಡಿದ ಹಾಗೆ, ಗೊತ್ತಾಗದ ಹಾಗೆಯೇ ಮತ್ತೇರಿರುತ್ತದೆ ಅಂದನಂತೆ.

ಜಾನ್ ವೂ ಈ ಮನುಷ್ಯನನ್ನು ತೆರೆಗೆ ತಂದರು. ಜೌ ಯೂ ಪಾತ್ರಕ್ಕೆ ಮೊದಲು ಚೋ ಯುನ್ ಫ್ಯಾಟ್ ಬರಬೇಕಿತ್ತು. ಏಪ್ರಿಲ್ 2007ರಲ್ಲಿ ಚಿತ್ರೀಕರಣ ಶುರುವಾಗುವಾಗಲೇ ಅವರು ಹಿಂದೆ ಸರಿದರು. ಆ ಜಾಗಕ್ಕೆ ಟೋನಿ ಲಿಯೂಂಗ್ ಬಂದರು. ನನ್ನ ಮಟ್ಟಿಗೆ ಅದು ಸಿನಿಮಾದ ಭಾಗ್ಯ. ಅವರ ಜೌ ಯೂ ಮೆಲುಮಾತಿನವನು. ಜೂಗ ಲಿಯಾಂಗ್ ಆಗಿ ತಕೇಶಿ ಕನೆಶಿರೊ. ಇಬ್ಬರೂ ಎದುರುಬದುರು ಕೂತು ಗುಚಿನ್ ಎಂಬ ತಂತಿವಾದ್ಯ ನುಡಿಸುತ್ತಾರೆ. ಯುದ್ಧಕ್ಕೆ ಸೇರುತ್ತೀರಾ ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಬೆರಳುಗಳಲ್ಲೇ ಪ್ರಶ್ನೆ, ಬೆರಳುಗಳಲ್ಲೇ ಉತ್ತರ. ಇಬ್ಬರ ನಡುವೆ ಸ್ಪರ್ಧೆಯಿದೆ, ಆದರೆ ವಿಷವಿಲ್ಲ. ನಮ್ಮ ಜುಗಲ್‌ಬಂದಿ ಕೇಳಿದವರಿಗೆ ಆ ದೃಶ್ಯ ವಿವರಿಸಿ ಹೇಳಬೇಕಾಗಿಲ್ಲ.

ಗಾಳಿಯ ವಿಷಯಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ಅಲ್ಲಿ ಗಾಳಿ ಸಾಮಾನ್ಯವಾಗಿ ಉತ್ತರದಿಂದ ಬೀಸುತ್ತದೆ. ದಕ್ಷಿಣ ದಡದವರು ಬೆಂಕಿ ಹಚ್ಚಿದರೆ ಅದು ಅವರ ಕಡೆಗೇ ಬರಬೇಕು. ಆದರೆ ಚಳಿಯ ನಡುವೆ ಒಂದೆರಡು ದಿನ ಬೆಚ್ಚಗಾಗಿ ಗಾಳಿ ಆಗ್ನೇಯಕ್ಕೆ ತಿರುಗುವುದು ಅಲ್ಲಿ ಹೊಸದಲ್ಲ. ಆ ದಿನ ಆಗ್ನೇಯದ ಗಾಳಿ ಜೋರಾಗಿ ಬೀಸಿತು ಎಂದು ಹಳೆಯ ಬರಹವೇ ಹೇಳುತ್ತದೆ. ಕಾದಂಬರಿಯಲ್ಲಿ ಜೂಗ ಲಿಯಾಂಗ್ ವೇದಿಕೆ ಕಟ್ಟಿ, ಕೂದಲು ಬಿಚ್ಚಿ, ಮಂತ್ರ ಹೇಳಿ ಗಾಳಿ ಕರೆಯುತ್ತಾನೆ. ಸಿನಿಮಾ ಅದನ್ನು ಪೂರ್ತಿ ಕೈಬಿಟ್ಟಿದೆ. ಇಲ್ಲಿ ಅವನು ಹೊಲದಲ್ಲಿ ದುಡಿದವನು, ಮೋಡ ನೋಡಿ ಹವೆ ಹೇಳಬಲ್ಲವನು. ದಾಖಲೆಯಲ್ಲೂ ಅವನು ಹೊಲ ಉಳುತ್ತಿದ್ದವನೇ. ಈ ಬದಲಾವಣೆ ನನಗೆ ಬಹಳ ಹಿಡಿಸಿತು. ಆದರೆ ಒಂದು ಮಾತು ಸೇರಿಸಬೇಕು: ದಾಖಲೆಯಲ್ಲಿ ಬೆಂಕಿಯ ಯೋಜನೆಗೂ ಜೂಗ ಲಿಯಾಂಗ್‌ಗೂ ಸಂಬಂಧವೇ ಇಲ್ಲ. ಅವನ ಕೆಲಸ ರಾಯಭಾರ. ಸುನ್ ಚ್ವೆನ್‌ನನ್ನು ಒಪ್ಪಿಸಿದ್ದು ಅವನ ದೊಡ್ಡ ಸಾಧನೆ.

ಹಾಗಾದರೆ ಬೆಂಕಿ ಯಾರದು? ಈಗ ನಿಮ್ಮ ಅಪ್ಪನ ಪ್ರಶ್ನೆಗೆ ಬಂದೆವು.

ಅವನ ಹೆಸರು ಹ್ವಾಂಗ್ ಗೈ. ಸುನ್ ಮನೆತನದಲ್ಲಿ ಮೂರು ತಲೆಮಾರಿಗೆ ದುಡಿದ ಹಳೆಯ ಸೇನಾನಿ. ಬಡತನದಲ್ಲಿ ಬೆಳೆದವನು, ಸೌದೆ ಹೊತ್ತು ಜೀವನ ಮಾಡುತ್ತಲೇ ಓದು ಕಲಿತವನು ಎಂದು ಒಂದು ಟಿಪ್ಪಣಿ ಹೇಳುತ್ತದೆ. ಎದುರು ದಡದ ಹಡಗುಗಳು ಮೂತಿಗೆ ಬಾಲ ತಾಗುವ ಹಾಗೆ ಒತ್ತೊತ್ತಾಗಿ ನಿಂತಿರುವುದನ್ನು ಅವನು ಗಮನಿಸಿದ. ಶತ್ರು ಜಾಸ್ತಿ, ನಾವು ಕಡಿಮೆ, ಹೆಚ್ಚು ದಿನ ತಡೆಯಲಾರೆವು, ಆದರೆ ಸುಟ್ಟು ಓಡಿಸಬಹುದು ಎಂದು ಜೌ ಯೂಗೆ ಹೇಳಿದ. ಶರಣಾಗುತ್ತೇನೆ ಎಂದು ತ್ಸಾವ್ ತ್ಸಾವ್‌ಗೆ ಸುಳ್ಳು ಕಾಗದ ಬರೆದವನೂ ಅವನೇ. ಹಡಗುಗಳಿಗೆ ಒಣ ಜೊಂಡು, ಕಟ್ಟಿಗೆ ತುಂಬಿದರು. ಕೊಬ್ಬು ಸುರಿದರು. ಮೇಲೆ ಬಟ್ಟೆ ಮುಚ್ಚಿ ಬಾವುಟ ನಿಲ್ಲಿಸಿದರು. ಪ್ರತಿ ಹಡಗಿನ ಹಿಂದೆ ಹಗುರವಾದ ದೋಣಿ ಕಟ್ಟಿದರು, ಬೆಂಕಿ ಹಚ್ಚಿದವರು ವಾಪಸ್ ಬರಬೇಕಲ್ಲ. ತ್ಸಾವ್ ತ್ಸಾವ್‌ನ ಸೈನಿಕರು ಹೊರಗೆ ಬಂದು ಕತ್ತು ಚಾಚಿ, ಹ್ವಾಂಗ್ ಗೈ ಶರಣಾಗಲು ಬರುತ್ತಿದ್ದಾನೆ ಎಂದು ಬೆರಳು ತೋರಿಸುತ್ತಿದ್ದರು. ಎರಡು ಲೀ, ಅಂದರೆ ಸುಮಾರು 800 ಮೀಟರು ದೂರ ಉಳಿದಾಗ ಬೆಂಕಿ ಹಚ್ಚಿದರು. ಹಡಗುಗಳು ಉರಿದವು, ದಡದ ಬಿಡಾರಕ್ಕೂ ಹತ್ತಿತು.

ಸಿನಿಮಾದಲ್ಲಿ ಹ್ವಾಂಗ್ ಗೈ ಇದ್ದಾನೆ, ಆದರೆ ಮೂಲೆಯಲ್ಲಿ. ಶತ್ರುವನ್ನು ನಂಬಿಸಲು ನನಗೆ ಹೊಡೆಯಿರಿ ಎಂದು ಅವನು ಕೇಳುತ್ತಾನೆ, ಅದು ಬೇಡವೆಂದು ತಳ್ಳಿಹಾಕುತ್ತಾರೆ. ಹೊಡೆತದ ಕತೆ ಕಾದಂಬರಿಯದ್ದೇ, ಬಿಟ್ಟದ್ದು ಸರಿ. ಆದರೆ ಅದರ ಜೊತೆಗೆ ಅವನ ನಿಜವಾದ ಪಾಲೂ ಹೋಯಿತು. ಬೆಂಕಿಯ ದಾಳಿಯಲ್ಲಿ ಮುಂದೆ ನಿಲ್ಲುವುದು ಗಾನ್ ಶಿಂಗ್ ಎಂಬ ಕಲ್ಪಿತ ಪಾತ್ರ. ಜಾನ್ ವೂ ಮೇಲೆ ನನಗಿರುವ ದೊಡ್ಡ ದೂರು ಇದೇ.

ಇನ್ನೊಂದು ಸಂಗತಿಯನ್ನೂ ನಿಮ್ಮ ಅಪ್ಪನಿಗೆ ಹೇಳಿ. ಜೂನ್ 2008ರಲ್ಲಿ ಇದೇ ದೃಶ್ಯದ ಚಿತ್ರೀಕರಣದಲ್ಲಿ ಉರಿಯುತ್ತಿದ್ದ ಸಣ್ಣ ದೋಣಿ ದೊಡ್ಡ ಹಡಗಿಗೆ ತಾಗಿ ಬೆಂಕಿ ಕೈಮೀರಿತು. 23 ವರ್ಷದ ಸಾಹಸ ಕಲಾವಿದನೊಬ್ಬ ಸತ್ತ, ಆರು ಜನರಿಗೆ ಗಾಯವಾಯಿತು. ಎರಡನೆಯ ಸಲ ನೋಡುವಾಗ ಆ ಬೆಂಕಿಯನ್ನು ಬರೀ ಗ್ರಾಫಿಕ್ಸ್ ಅಂತ ನೋಡಲು ನನ್ನಿಂದ ಆಗಲಿಲ್ಲ.

ಹ್ವಾಂಗ್ ಗೈಗೆ ಏನಾಯಿತು? ಗದ್ದಲದಲ್ಲಿ ಎಲ್ಲಿಂದಲೋ ಬಂದ ಬಾಣ ತಾಗಿ ಕೊರೆಯುವ ಚಳಿಯ ನೀರಿಗೆ ಬಿದ್ದ. ಅವನ ಕಡೆಯ ಸೈನಿಕರೇ ಎಳೆದು ಮೇಲೆ ಹಾಕಿದರು. ಇವನು ಯಾರೆಂದು ಅವರಿಗೆ ತಿಳಿಯಲಿಲ್ಲ. ಯಾರೋ ಗಾಯಾಳು ಅಂತ ಪಾಯಖಾನೆಯ ಪಕ್ಕ ಹಾಕಿ ಹೋದರು. ಯುದ್ಧವನ್ನು ಗೆಲ್ಲಿಸಿದ ಮನುಷ್ಯ ಅಲ್ಲಿ ಬಿದ್ದಿದ್ದ. ಇದ್ದ ಬಲವನ್ನೆಲ್ಲ ಕೂಡಿಸಿ ಹಾನ್ ದಾಂಗ್ ಎಂಬ ಹಳೆಯ ಜೊತೆಗಾರನ ಹೆಸರು ಹಿಡಿದು ಒಮ್ಮೆ ಕೂಗಿದ. ಹಾನ್ ದಾಂಗ್ ಅದನ್ನು ಕೇಳಿ, ಇದು ಹ್ವಾಂಗ್ ಗೈ ದನಿ ಅಂದ. ಓಡಿ ಬಂದು ನೋಡಿ ಅತ್ತ. ಒದ್ದೆ ಬಟ್ಟೆ ಬಿಚ್ಚಿ ಬೇರೆ ಬಟ್ಟೆ ಹಾಕಿದ. ಹ್ವಾಂಗ್ ಗೈ ಬದುಕಿದ. ಆಮೇಲೆ ವೂಲಿಂಗ್ ಎಂಬ ಸೀಮೆಗೆ ಅಧಿಕಾರಿಯಾಗಿ ಹೋಗಿ, ಹುದ್ದೆಯಲ್ಲಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡ. ವೂ ನಾಡಿನ ಜನ ಅವನ ಚಿತ್ರ ಬರೆಸಿ, ವರ್ಷದ ನಾಲ್ಕು ಋತುಗಳಲ್ಲೂ ಅದರ ಮುಂದೆ ಎಡೆ ಇಡುತ್ತಿದ್ದರು.